ಜೆಸಿಬಿಗೆ ಪರ್ಮಿಟ್ ಬೇಡ, ಹೈವಾಕ್ಕೆ ಬೇಕೇ ಬೇಕು

ಪಿಂಪ್ರಿ-ಚಿಂಚವಾಡದಲ್ಲಿ ಗಾಡಿ, ಮಷಿನ್ ಇಟ್ಟುಕೊಂಡು ದುಡಿಯುವ ಕನ್ನಡಿಗರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು. ಅಪ್ಪ-ಅವ್ವ ಗಾರೆ ಕೆಲಸಕ್ಕೆಂದು ಪುಣೆಗೆ ಬಂದರು. ಮಕ್ಕಳು ಡ್ರೈವರ್ ಆದರು, ಆಪರೇಟರ್ ಆದರು. ಈಗ ಸಾಲ ಮಾಡಿ ಸ್ವಂತ ಮಷಿನ್ ತೆಗೆದಿದ್ದೀರಿ. ಚಾಕಣದ ಕಾರ್ಖಾನೆಗಳಿಂದ ಹಿಂಜೆವಾಡಿಯ ಅಪಾರ್ಟ್‌ಮೆಂಟ್‌ಗಳವರೆಗೆ ಪಾಯ ತೋಡುವುದು, ಖಡಿ (ಜಲ್ಲಿಕಲ್ಲು) ಹೊರುವುದು ನಿಮ್ಮ ಗಾಡಿಗಳೇ. ಆ ಕೆಲಸದ ಬಗ್ಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ನಾನು ತೆರಿಗೆ ಸಲಹೆಗಾರ, ಕಾಗದಪತ್ರದ ಮನುಷ್ಯ. ನನ್ನ ಮೇಜಿನ ಎದುರು ಬಂದು ಕೂರುವ ಮಾಲೀಕರು ಒಂದು ಪ್ಲಾಸ್ಟಿಕ್ ಚೀಲ ಮುಂದಿಡುತ್ತಾರೆ. ಆರ್‌ಸಿ, ಇನ್ಶೂರೆನ್ಸ್, ಪಿಯುಸಿ (ಹೊಗೆ ತಪಾಸಣೆಯ ಪತ್ರ), ಟ್ಯಾಕ್ಸ್ ರಸೀದಿ, ಫೈನಾನ್ಸ್ ಕಂಪನಿಯ ಪತ್ರ, ಎಲ್ಲ ಅದರಲ್ಲಿರುತ್ತದೆ. ಆದರೆ ಒಂದನ್ನೂ ಅವರು ಓದಿರುವುದಿಲ್ಲ. ಏಜೆಂಟ್ ಕೊಟ್ಟ, ಇವರು ಇಟ್ಟುಕೊಂಡರು. ಇವತ್ತು ನಾನು ಕೇಳಿಕೊಳ್ಳುವುದು ಇಷ್ಟೇ: ಆರ್‌ಸಿಯಲ್ಲಿ ಗಾಡಿಯ ವರ್ಗ ಯಾವುದು ಎಂದು ಹೇಳುವ ಒಂದು ಸಾಲಿದೆ, ಅದನ್ನು ನೀವೇ ಓದಿ. ತೆರಿಗೆ ಎಷ್ಟು, ಪರ್ಮಿಟ್ ಬೇಕೋ ಬೇಡವೋ, ಡ್ರೈವರ್‌ಗೆ ಯಾವ ಲೈಸೆನ್ಸ್, ಜಿಎಸ್‌ಟಿ ಹೇಗೆ, ಆದಾಯ ತೆರಿಗೆ ಹೇಗೆ, ಇಷ್ಟೂ ಆ ಸಾಲಿನಿಂದಲೇ ತೀರ್ಮಾನವಾಗುತ್ತದೆ.

ಮೊದಲು ಮಷಿನ್ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಎಂದು ಒಂದಿದೆ. ಅದರ 2ನೇ ನಿಯಮದಲ್ಲಿ ನಿರ್ಮಾಣ ಯಂತ್ರ ವಾಹನ ಎಂದರೆ ಏನು ಎಂದು ಬರೆದಿದ್ದಾರೆ. ರಬ್ಬರ್ ಟೈರ್ ಅಥವಾ ಉಕ್ಕಿನ ಡ್ರಮ್ ಇರುವ, ತನ್ನಷ್ಟಕ್ಕೆ ತಾನೇ ಚಲಿಸುವ ಎಕ್ಸ್‌ಕವೇಟರ್, ಲೋಡರ್, ಬ್ಯಾಕ್‌ಹೋ, ರೋಲರ್, ಗ್ರೇಡರ್, ಮೊಬೈಲ್ ಕ್ರೇನ್, ಫೋರ್ಕ್‌ಲಿಫ್ಟ್, ಸೆಲ್ಫ್ ಲೋಡಿಂಗ್ ಕಾಂಕ್ರೀಟ್ ಮಿಕ್ಸರ್, ಇವೆಲ್ಲ ಆ ಪಟ್ಟಿಯಲ್ಲಿವೆ. ಅದೇ ನಿಯಮದ ವಿವರಣೆ ಇನ್ನೊಂದು ಮಾತು ಹೇಳುತ್ತದೆ: ಇವು ಸಾರಿಗೆ ವಾಹನಗಳಲ್ಲ. ರಸ್ತೆಯ ಮೇಲೆ ಓಡುವುದು ಇವುಗಳ ಮುಖ್ಯ ಕೆಲಸವೇ ಅಲ್ಲ. ಒಂದು ಸೈಟಿನಿಂದ ಇನ್ನೊಂದಕ್ಕೆ, ಸ್ವಲ್ಪ ಹೊತ್ತು, ಗಂಟೆಗೆ 50 ಕಿಲೋಮೀಟರ್ ಮೀರದಂತೆ ಹೋಗಬಹುದು. ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪರ್ಮಿಟ್ ಕೇಳುವುದು ಸಾರಿಗೆ ವಾಹನಕ್ಕೆ. ಹಾಗಾಗಿ ನಿಮ್ಮ ಬ್ಯಾಕ್‌ಹೋ ಲೋಡರ್‌ಗೆ, ನಾವೆಲ್ಲ ಯಾವ ಕಂಪನಿಯದಾದರೂ ಜೆಸಿಬಿ ಅಂತಲೇ ಕರೆಯುವ ಆ ಹಳದಿ ಮಷಿನ್‌ಗೆ, ಪರ್ಮಿಟ್ ಬೇಕಿಲ್ಲ. ರಸ್ತೆಯಲ್ಲಿ ತಡೆದು ಪರ್ಮಿಟ್ ಎಲ್ಲಿ ಎಂದರೆ ಹೆದರಿ ಜೇಬಿಗೆ ಕೈ ಹಾಕಬೇಡಿ. ಆರ್‌ಸಿ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವರ ಆರ್‌ಸಿಯಲ್ಲಿ ವರ್ಗದ ಹೆಸರಿನ ಜೊತೆ ಎನ್‌ಟಿ ಎಂದಿರುತ್ತದೆ, ಅಂದರೆ ನಾನ್-ಟ್ರಾನ್ಸ್‌ಪೋರ್ಟ್. ಇನ್ನು ಕೆಲವರದ್ದರಲ್ಲಿ ಅದೇ ಮಷಿನ್‌ಗೆ ಕಮರ್ಷಿಯಲ್ ಎಂದು ನಮೂದಾಗಿರುತ್ತದೆ. ಆ ನಮೂದು ಇದ್ದರೆ ಮುಂದೆ ಫಿಟ್‌ನೆಸ್, ತೆರಿಗೆ ಎಂದು ಬೇರೆ ಲೆಕ್ಕ ಹುಟ್ಟಿಕೊಳ್ಳುತ್ತದೆ. ಮಷಿನ್ ತೆಗೆದ ವಾರದಲ್ಲೇ ನೋಡಿಕೊಂಡು ಆರ್‌ಟಿಒದಲ್ಲಿ ವಿಚಾರಿಸಿದರೆ ಸರಿ. ನಾಲ್ಕು ವರ್ಷ ಬಿಟ್ಟು ಹೋದರೆ ಆ ನಮೂದನ್ನು ಬಿಡಿಸುವುದು ಬಹಳ ಕಷ್ಟ.

ಪರ್ಮಿಟ್ ಬೇಡ ಎಂದರೆ ಏನೂ ಬೇಡ ಎಂದಲ್ಲ. ನೋಂದಣಿ ಬೇಕು, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು, ಪಿಯುಸಿ ಬೇಕು, ತೆರಿಗೆ ಕಟ್ಟಬೇಕು. ಆಪರೇಟರ್‌ನ ಲೈಸೆನ್ಸ್‌ನಲ್ಲಿ ಆ ಬಗೆಯ ಮಷಿನ್ ನಮೂದಾಗಿರಬೇಕು. ಕೆಲಸ ಚೆನ್ನಾಗಿ ಮಾಡುತ್ತಾನೆ ಎಂದು ಊರಿಂದ ಕರೆತಂದ ಹುಡುಗನ ಬಳಿ ಬೈಕಿನ ಲೈಸೆನ್ಸ್ ಮಾತ್ರ ಇರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನು ಅಗಲ. ನಿರ್ಮಾಣ ಯಂತ್ರ ವಾಹನ 3 ಮೀಟರ್‌ವರೆಗೆ ಅಗಲ ಇರಬಹುದು. ಆದರೆ 2.6 ಮೀಟರ್ ದಾಟಿದ ಭಾಗಕ್ಕೆ, ಮುಂದೆ ಮತ್ತು ಹಿಂದೆ, ಹಳದಿ-ಕಪ್ಪು ಪಟ್ಟೆ ಬಳಿದಿರಬೇಕು. ರಾತ್ರಿ ಹೊತ್ತು ಕಾಣುವಂತೆ ಕೆಂಪು ದೀಪ ಇರಬೇಕು. ಕಾತ್ರಜ್ ಕಡೆಯ ರಸ್ತೆ ಬದಿಯಲ್ಲಿ ದೀಪವಿಲ್ಲದೆ ನಿಂತ ಮಷಿನ್‌ಗೆ ರಾತ್ರಿ ಬೈಕಿನವನು ಬಂದು ಬಡಿದರೆ ಅವನ ಮನೆಯೂ ಹಾಳು, ನಿಮ್ಮ ಮನೆಯೂ ಹಾಳು. ಒಂದು ಡಬ್ಬಿ ಬಣ್ಣದ ಖರ್ಚಿನಲ್ಲಿ ಇದು ತಪ್ಪುತ್ತದೆ.

ಚೈನ್ ಮಷಿನ್, ಅಂದರೆ ಪೊಕ್ಲೇನ್, ಬೇರೆ. ಅದಕ್ಕೆ ರಬ್ಬರ್ ಟೈರ್ ಇಲ್ಲ, ರಸ್ತೆಯಲ್ಲಿ ತಾನಾಗಿ ಹೋಗುವಂತೆ ಮಾಡಿದ್ದೂ ಅಲ್ಲ. ಅದು ಟ್ರೇಲರ್ ಮೇಲೆಯೇ ಹೋಗಬೇಕು. ಆ ಟ್ರೇಲರ್ ಸರಕು ವಾಹನ, ಅದಕ್ಕೆ ಪರ್ಮಿಟ್ ಬೇಕು. 20 ಟನ್ ದರ್ಜೆಯ ಚೈನ್ ಮಷಿನ್‌ನ ಅಗಲ ಸಾಮಾನ್ಯವಾಗಿ 2.6 ಮೀಟರ್ ದಾಟುತ್ತದೆ, ಅಂದರೆ ಟ್ರೇಲರ್‌ನಿಂದ ಹೊರಗೆ ಚಾಚುತ್ತದೆ. ಹಾಗೆ ಹೊರಚಾಚಿದ ಸರಕಿಗೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ಇಲ್ಲವಾದರೆ 194ನೇ ಕಲಂ ಪ್ರಕಾರ ₹20,000 ದಂಡ. ಚೈನ್ ಮಷಿನ್ ಮಾಲೀಕರು ಗುತ್ತಿಗೆದಾರರ ಯಂತ್ರೋಪಕರಣದ ಪಾಲಿಸಿ ಮಾಡಿಸಿರುತ್ತಾರೆ, ಅದು ಸರಿಯೇ. ಆದರೆ ಅದೇ ಪಾಲಿಸಿಯನ್ನು ನಂಬರ್ ಇರುವ ಟೈರ್ ಮಷಿನ್‌ಗೂ ಮಾಡಿಸಿ ಕೈತೊಳೆದುಕೊಂಡರೆ ಮೋಸ ಹೋಗುತ್ತೀರಿ. ಅದು ಮಷಿನ್‌ನ ಹಾನಿಗೆ ಇರುವ ಪಾಲಿಸಿ. ರಸ್ತೆಯಲ್ಲಿ ಇನ್ನೊಬ್ಬರ ಜೀವಕ್ಕೆ ಆಗುವ ಹಾನಿಗೆ ಕಾಯ್ದೆ ಕೇಳುವುದು ಮೋಟಾರು ಥರ್ಡ್ ಪಾರ್ಟಿ ಪಾಲಿಸಿಯನ್ನು.

ತೆರಿಗೆಯ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸುದ್ದಿ ಓಡಾಡುತ್ತಿದೆ: ಸೈಟಿನ ಒಳಗೆ ಓಡುವ ಗಾಡಿಗೆ ಟ್ಯಾಕ್ಸ್ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಹೇಳಿರುವುದು ನಿಜ, ಆದರೆ ಏನು ಹೇಳಿದೆ ಎಂಬುದನ್ನು ಪೂರ್ತಿ ಕೇಳಿ. 2025ರ ಆಗಸ್ಟ್ 29ರಂದು ತಾರಾಚಂದ್ ಲಾಜಿಸ್ಟಿಕ್ಸ್ ಪ್ರಕರಣದಲ್ಲಿ ಬಂದ ತೀರ್ಪು ಅದು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಕಾಂಪೌಂಡಿನ ಒಳಗಿನ ಯಾರ್ಡ್‌ನಲ್ಲಿ ಮಾತ್ರ 36 ವಾಹನಗಳು ಓಡುತ್ತಿದ್ದವು. ಗೇಟಿನಲ್ಲಿ ಕಾವಲು, ಹೊರಗಿನವರಿಗೆ ಪ್ರವೇಶವಿಲ್ಲ. ಅದು ಸಾರ್ವಜನಿಕ ಸ್ಥಳವಲ್ಲ, ಆದ್ದರಿಂದ ಆ ಅವಧಿಗೆ ತೆರಿಗೆ ಇಲ್ಲ ಎಂದು ಕೋರ್ಟ್ ಹೇಳಿತು. ಕಟ್ಟಿಸಿಕೊಂಡಿದ್ದ ₹22.71 ಲಕ್ಷ ವಾಪಸ್ ಕೊಡಿ ಎಂಬ ಹೈಕೋರ್ಟ್ ಏಕಸದಸ್ಯ ಪೀಠದ ಆದೇಶವನ್ನು ಎತ್ತಿಹಿಡಿಯಿತು. ಆದರೆ ಆ ತೀರ್ಪು ನಿಂತಿರುವುದು ಆಂಧ್ರಪ್ರದೇಶದ 1963ರ ಕಾಯ್ದೆಯ ಮೇಲೆ. ಸಾರ್ವಜನಿಕ ಸ್ಥಳದಲ್ಲಿ ಬಳಸುವ ಅಥವಾ ಬಳಸಲು ಇಟ್ಟುಕೊಂಡಿರುವ ವಾಹನಕ್ಕೆ ತೆರಿಗೆ ಎನ್ನುತ್ತದೆ ಆ ಕಾಯ್ದೆ. ನಾವಿರುವ ಮಹಾರಾಷ್ಟ್ರದ 1958ರ ಕಾಯ್ದೆ ರಾಜ್ಯದೊಳಗೆ ಬಳಸುವ ಅಥವಾ ಬಳಸಲು ಇಟ್ಟುಕೊಂಡಿರುವ ವಾಹನ ಎನ್ನುತ್ತದೆ. ಎರಡರ ಹಿಡಿತ ಒಂದೇ ಅಲ್ಲ. ಅದೂ ಅಲ್ಲದೆ ನಿಮ್ಮ ಜೆಸಿಬಿ ಬೆಳಗ್ಗೆ ಮೋಶಿಯಲ್ಲಿ, ಮಧ್ಯಾಹ್ನ ಭೋಸರಿಯಲ್ಲಿ ಕೆಲಸ ಮಾಡುವ ಮಷಿನ್. ಆ ತೀರ್ಪು ಹಿಡಿದುಕೊಂಡು ತೆರಿಗೆ ನಿಲ್ಲಿಸಿದರೆ ಬಡ್ಡಿ, ದಂಡ ಸೇರಿ ಗಂಟು ದೊಡ್ಡದಾಗುತ್ತದೆ. ನಿಜವಾಗಿಯೂ ಕಾಂಪೌಂಡಿನೊಳಗೇ ಇರುವ ಗಾಡಿ ನಿಮ್ಮದಾಗಿದ್ದರೆ ವಕೀಲರನ್ನು ಕಂಡು, ಅರ್ಜಿ ಕೊಟ್ಟು, ಆದೇಶ ಪಡೆದು ಆಮೇಲೆ ನಿಲ್ಲಿಸಿ. ಗಾಡಿ ಕೆಟ್ಟು ನಿಂತಿದೆ ಎಂದರೆ, ನಿಲ್ಲಿಸಿದ್ದೇವೆ ಎಂಬ ಸೂಚನೆಯನ್ನು ಮುಂಚಿತವಾಗಿ ಆರ್‌ಟಿಒಗೆ ಕೊಡಬೇಕು. ವರ್ಷ ಕಳೆದ ಮೇಲೆ ಕೊಟ್ಟರೆ ಯಾರೂ ಒಪ್ಪುವುದಿಲ್ಲ.

ಹೊಸ ಮಷಿನ್ ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಸೇರಿಸಿ: ಕ್ರೇನ್, ಕಂಪ್ರೆಸರ್, ಎಕ್ಸ್‌ಕವೇಟರ್‌ನಂಥ ನಿರ್ಮಾಣ ವಾಹನಗಳಿಗೆ ಬೆಲೆಯ ಶೇ. 7ರಷ್ಟು ಒಂದೇ ಬಾರಿಯ ತೆರಿಗೆ ಎಂದು ಮಹಾರಾಷ್ಟ್ರ ಸರ್ಕಾರ 2025ರ ಮಾರ್ಚ್ ಬಜೆಟ್‌ನಲ್ಲಿ ಪ್ರಕಟಿಸಿತು. ₹35 ಲಕ್ಷದ ಮಷಿನ್‌ಗೆ ₹2.45 ಲಕ್ಷ. ಇದು ಡೀಲರ್ ಹೇಳುವ ಡೌನ್ ಪೇಮೆಂಟ್‌ನ ಹೊರಗೆ ಇರುತ್ತದೆ.

ಈಗ ಹೈವಾ, ಅಂದರೆ ದೊಡ್ಡ ಟಿಪ್ಪರ್ ಲಾರಿ, ಮತ್ತೆ ಸಣ್ಣ ಟಿಪ್ಪರ್, ಟ್ರೇಲರ್. ಇವು ಸರಕು ಸಾಗಿಸುವ ಸಾರಿಗೆ ವಾಹನ. ಪರ್ಮಿಟ್ ಬೇಕೇ ಬೇಕು. ಇಲ್ಲದೆ ಓಡಿಸಿದರೆ 192ಎ ಕಲಂ ಪ್ರಕಾರ ₹10,000 ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಫಿಟ್‌ನೆಸ್ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 56ನೇ ಕಲಂ ಓದಿದರೆ ಗೊತ್ತಾಗುತ್ತದೆ: ಫಿಟ್‌ನೆಸ್ ಇಲ್ಲದ ಸಾರಿಗೆ ವಾಹನಕ್ಕೆ ನೋಂದಣಿಯೇ ಇಲ್ಲದ ಹಾಗೆ.

ಸಭೆಯಲ್ಲಿ ಒಬ್ಬ ತಮ್ಮ ಎದ್ದು ಕೇಳಿದ: “ಸರ್ರ, ನಮ್ದು ಕೆಎ 28 ಗಾಡಿ. ನ್ಯಾಷನಲ್ ಪರ್ಮಿಟ್ ಐತಿ. ತಳೇಗಾಂವದಿಂದ ಚಾಕಣಕ್ಕ ಖಡಿ ಹೊಡಿಯಾಕ ಏನ್ ತೊಂದ್ರಿ?” ಅವನ ಹಾಗೆ ಓಡಿಸುತ್ತಿರುವವರು ಪುಣೆಯಲ್ಲಿ ಬಹಳ ಜನ ಇದ್ದಾರೆ. ಅವರೆಲ್ಲ ಇದನ್ನು ಗಮನವಿಟ್ಟು ಕೇಳಬೇಕು. ನ್ಯಾಷನಲ್ ಪರ್ಮಿಟ್‌ಗೆ ವರ್ಷಕ್ಕೆ ಎಲ್ಲ ರಾಜ್ಯಗಳಿಗೂ ಸೇರಿ ₹16,500 ಶುಲ್ಕ, ಅದರ ಮೇಲೆ ₹1,000 ಅಧಿಕಾರಪತ್ರದ ಶುಲ್ಕ. ಅಷ್ಟು ಕಟ್ಟಿದರೆ ದೇಶದ ಯಾವ ರಾಜ್ಯಕ್ಕಾದರೂ ಸರಕು ತೆಗೆದುಕೊಂಡು ಹೋಗಬಹುದು, ತರಬಹುದು. ವಿಜಯಪುರದಿಂದ ಚಾಕಣಕ್ಕೆ ತನ್ನಿ, ಚಾಕಣದಿಂದ ಝಳಕಿ ದಾಟಿ ಊರಿಗೆ ಒಯ್ಯಿರಿ, ಯಾರೂ ಕೇಳುವುದಿಲ್ಲ. ಆದರೆ ಬೇರೆ ರಾಜ್ಯಕ್ಕೆ ಹೋಗಿ, ಅಲ್ಲಿನದೇ ಎರಡು ಊರುಗಳ ನಡುವೆ ಸರಕು ಹೊಡೆಯುವ ಹಾಗಿಲ್ಲ. ಕೇಂದ್ರ ನಿಯಮಗಳ 90ನೇ ನಿಯಮ ಇದನ್ನು ನೇರವಾಗಿ ಹೇಳುತ್ತದೆ. ತಳೇಗಾಂವ್-ಚಾಕಣ ಎರಡೂ ಮಹಾರಾಷ್ಟ್ರವೇ. ಕೆಎ ನಂಬರಿನ ಹೈವಾ ಅಲ್ಲಿ ಖಡಿ ಹೊಡೆದರೆ ಪರ್ಮಿಟ್ ಇದ್ದೂ ಇಲ್ಲದ ಹಾಗೆ. ಇಲ್ಲೇ ನೆಲೆ ನಿಂತು ದುಡಿಯುವುದಾದರೆ ಊರಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತಂದು, ಗಾಡಿಯನ್ನು ಇಲ್ಲಿನ ಎಂಎಚ್ 14 ಅಥವಾ ಎಂಎಚ್ 12 ನಂಬರಿಗೆ ಬದಲಾಯಿಸಿ, ಇಲ್ಲಿನ ಪರ್ಮಿಟ್ ಪಡೆಯಬೇಕು. ದಾರಿ ಅದೊಂದೇ.

ಇದಕ್ಕೆ ಹೊಂದಿಕೊಂಡ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ಇಲ್ಲಿ ಓಡಬಹುದು, ಅಲ್ಲಿಯವರೆಗೆ ತೆರಿಗೆಯೂ ಇಲ್ಲ ಎಂದು ಜನ ನಂಬಿದ್ದಾರೆ. 47ನೇ ಕಲಂನ ಹನ್ನೆರಡು ತಿಂಗಳು ಹೊಸ ನಂಬರ್ ಪಡೆಯುವ ಗಡುವು ಮಾತ್ರ. ತೆರಿಗೆ ರಾಜ್ಯದ ಕಾಯ್ದೆಯ ವಿಷಯ, ಬಳಕೆ ಶುರುವಾದಾಗಲೇ ಅದೂ ಶುರುವಾಗುತ್ತದೆ. ಪರ್ಮಿಟ್ ಬೇಡದ ಕೆಎ ನಂಬರಿನ ಜೆಸಿಬಿಗೂ ಇದೇ ಮಾತು.

ನ್ಯಾಷನಲ್ ಪರ್ಮಿಟ್ ಇರುವವರು ಎರಡು ತಾರೀಖು ನೋಡಬೇಕು. ಪರ್ಮಿಟ್ ಐದು ವರ್ಷದ್ದು, ಅಧಿಕಾರಪತ್ರ ಒಂದು ವರ್ಷದ್ದು. ಐದು ವರ್ಷದ ಕಾಗದವನ್ನು ನೋಡಿ ನೆಮ್ಮದಿಯಾಗಿದ್ದು ವರ್ಷದ್ದನ್ನು ಮರೆಯುತ್ತಾರೆ. ಇಂಡಿ ಕಡೆಯ ಒಂದು ಮನೆಯವರಿಗೆ ಹೀಗೇ ಆಯಿತು. ಅಧಿಕಾರಪತ್ರ ಮುಗಿದ ಮೇಲೆ ಗಾಡಿ ಅಪಘಾತಕ್ಕೆ ಸಿಕ್ಕಿತು, ಒಬ್ಬರು ತೀರಿಕೊಂಡರು. ಇನ್ಶೂರೆನ್ಸ್ ಇತ್ತು, ಪ್ರೀಮಿಯಂ ಕಟ್ಟಿತ್ತು. ಆದರೂ ಕಂಪನಿ ಆ ಕುಟುಂಬಕ್ಕೆ ಪರಿಹಾರ ಕೊಟ್ಟು, ಅಷ್ಟನ್ನೂ ಮಾಲೀಕರಿಂದ ವಸೂಲಿಗೆ ಹೊರಟಿತು. ನಿಂಬೆ ತೋಟ ಮಾರಿದರು. ಪರ್ಮಿಟ್ ಇಲ್ಲದ ಗಾಡಿಯ ಅಪಘಾತದಲ್ಲಿ ಮೊದಲು ಕೊಡುವುದು, ಆಮೇಲೆ ಮಾಲೀಕನಿಂದ ವಸೂಲು ಮಾಡುವುದು ಎಂಬುದನ್ನು 2018ರ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ₹17,500 ಉಳಿದದ್ದಕ್ಕೆ ತೋಟ ಹೋಯಿತು ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಒಂದು ತಾರೀಖನ್ನು ಯಾರೂ ನೋಡಲಿಲ್ಲ.

ಇನ್ನು ಓವರ್‌ಲೋಡ್. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ತೂಕದ ಮಿತಿಯನ್ನು ಏರಿಸಿತು. ಹತ್ತು ಚಕ್ರದ, ಮೂರು ಆ್ಯಕ್ಸಲ್‌ನ ಗಾಡಿಗೆ 25 ಟನ್ ಇದ್ದದ್ದು 28.5 ಟನ್ ಆಯಿತು, ದೊಡ್ಡ ಟ್ರೇಲರ್‌ಗಳ ಗರಿಷ್ಠ ಮಿತಿ 49ರಿಂದ 55 ಟನ್‌ಗೆ ಹೋಯಿತು. ಆದರೆ ನಿಮ್ಮ ಗಾಡಿಗೆ ಅನ್ವಯಿಸುವುದು ಆರ್‌ಸಿಯಲ್ಲಿ ಬರೆದ ತೂಕ. ಹಳೇ ಗಾಡಿಯ ಆರ್‌ಸಿಯಲ್ಲಿ ಹಳೇ ತೂಕವೇ ಇದ್ದರೆ ಅದೇ ಲೆಕ್ಕ. ಕಾಂಟಾ (ಗಾಡಿ ತೂಗುವ ವೇ-ಬ್ರಿಡ್ಜ್) ಚೀಟಿಯನ್ನು ಕೈಯಲ್ಲಿ ಹಿಡಿದು ಕೂಡಿಸಿ ನೋಡಿ: ಮಿತಿ 28.5, ಕಾಂಟಾ ತೋರಿಸುತ್ತಿರುವುದು 36.5, ಹೆಚ್ಚುವರಿ 8 ಟನ್. ಮೂಲ ದಂಡ ₹20,000, ಟನ್‌ಗೆ ₹2,000ದಂತೆ ₹16,000, ಒಟ್ಟು ₹36,000. ಹೆಚ್ಚಿನ ಸರಕನ್ನು ಇಳಿಸುವ ಖರ್ಚು ಬೇರೆ. ತೂಕಕ್ಕೆ ನಿಲ್ಲಿಸದೆ ಓಡಿಹೋದರೆ ₹40,000. ಆ 8 ಟನ್ ಖಡಿಯಿಂದ ನಿಮಗೆ ಸಿಗುವ ಬಾಡಿಗೆ ಎಷ್ಟು, ನೀವೇ ಹೇಳಿ. ಓವರ್‌ಲೋಡ್‌ನ ಲಾಭ ಹೋಗುವುದು ಬಿಲ್ಡರ್‌ಗೆ ಮತ್ತು ಕ್ರಷರ್‌ನವರಿಗೆ, ಟೈರು ಸವೆಯುವುದು, ಚಾಸಿ ಬಾಗುವುದು, ದಂಡ ಬೀಳುವುದು ನಿಮಗೆ. ಕಾಯ್ದೆ ಓಡಿಸಿದವನನ್ನಷ್ಟೇ ಅಲ್ಲ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಹಲಗೆ ಏರಿಸಿ ಬಾಡಿ ಎತ್ತರ ಮಾಡಿಸಿದ್ದರೆ ಅದು ಅನುಮತಿಯಿಲ್ಲದ ಬದಲಾವಣೆ, ಅದಕ್ಕೆ 52ನೇ ಕಲಂ ಬೇರೆ ಇದೆ.

ಜೆಸಿಬಿಯವರು ಆರ್‌ಟಿಒಗಿಂತ ಹೆಚ್ಚು ಹೆದರಬೇಕಾದ್ದು ತಹಶೀಲ್ದಾರರಿಗೆ. ಮುರುಮ್ (ಗರಸು ಮಣ್ಣು), ಮಣ್ಣು, ಮರಳು ತೆಗೆಯಲು ಸರ್ಕಾರಕ್ಕೆ ರಾಯಲ್ಟಿ ಕಟ್ಟಿರಬೇಕು, ಸಾಗಿಸುವ ಗಾಡಿಗೆ ಸರ್ಕಾರದ ಮಹಾಖನಿಜ್ ಎಂಬ ಆನ್‌ಲೈನ್ ವ್ಯವಸ್ಥೆಯ ಪಾಸ್ ಇರಬೇಕು. ಇಲ್ಲದಿದ್ದರೆ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 48ನೇ ಕಲಂ ಪ್ರಕಾರ ಆ ಖನಿಜದ ಮಾರುಕಟ್ಟೆ ಬೆಲೆಯ ಐದು ಪಟ್ಟಿನವರೆಗೆ ದಂಡ, ಮಷಿನ್ ಜಪ್ತಿ. ರಾತ್ರಿ ಹತ್ತಕ್ಕೆ ಫೋನ್ ಮಾಡಿ “ಎರಡು ತಾಸಿನ ಕೆಲಸ, ಬಾ” ಎನ್ನುವವನು ರಾಯಲ್ಟಿ ಕಟ್ಟಿರುವುದು ಅಪರೂಪ. ಗುತ್ತಿಗೆದಾರ ಓಡಿಹೋಗುತ್ತಾನೆ, ಹೊಲದಲ್ಲಿ ಸಿಕ್ಕಿಬೀಳುವುದು ನಿಮ್ಮ ಮಷಿನ್. ಅದು ತಹಶೀಲ್ ಕಚೇರಿ ಆವರಣದಲ್ಲಿ ಮಳೆಗೆ ನೆನೆಯುತ್ತಿದ್ದರೂ ಫೈನಾನ್ಸ್‌ನವರ ಕಂತು ನಿಲ್ಲುವುದಿಲ್ಲ. ಪಾಸಿನ ಫೋಟೊ ಮೊಬೈಲಿಗೆ ಬಂದ ಮೇಲೆಯೇ ಕೀಲಿ ತಿರುಗಿಸಿ.

ಜಿಎಸ್‌ಟಿ ಮತ್ತು ಆದಾಯ ತೆರಿಗೆಯಲ್ಲೂ ಮಷಿನ್ ಬೇರೆ, ಲಾರಿ ಬೇರೆ. ಜೆಸಿಬಿ ಬಾಡಿಗೆಗೆ ಶೇ. 18 ಜಿಎಸ್‌ಟಿ, ವರ್ಷದ ವಹಿವಾಟು ₹20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ತಿಂಗಳಿಗೆ ₹90,000 ತರುವ ಎರಡು ಮಷಿನ್ ಇದ್ದರೆ ₹21.6 ಲಕ್ಷ, ದಾಟಿತು. ಲಾರಿಯಲ್ಲಿ ಬರೀ ಸರಕು ಸಾಗಿಸಿ, ಬಿಲ್ಟಿ (ಸರಕು ಒಪ್ಪಿಕೊಂಡ ಸಾಗಾಟದ ರಸೀದಿ) ಕೊಡದವರಿಗೆ ವಿನಾಯಿತಿ ಇದೆ. ಆದರೆ ಅದೇ ಟಿಪ್ಪರನ್ನು ಬಿಲ್ಡರ್‌ಗೆ ತಿಂಗಳ ಬಾಡಿಗೆಗೆ ಬಿಟ್ಟರೆ ಅದು ಸಾಗಾಟವಲ್ಲ, ಗಾಡಿಯ ಬಾಡಿಗೆ. ಅಲ್ಲಿ ಈ ವಿನಾಯಿತಿ ನಡೆಯುವುದಿಲ್ಲ.

ಆದಾಯ ತೆರಿಗೆಯಲ್ಲಿ ಹತ್ತರವರೆಗೆ ಸರಕು ಗಾಡಿ ಇರುವವರಿಗೆ 44ಎಇ ಎಂಬ ಸುಲಭ ದಾರಿ ಇತ್ತು. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬದಲಾದರೂ ಆ ಕ್ರಮ ಉಳಿದಿದೆ. 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್‌ಗೆ ₹1,000 ಆದಾಯ ಎಂದು ಹಿಡಿಯುತ್ತಾರೆ. 28.5 ಟನ್‌ನ ಒಂದು ಹೈವಾಕ್ಕೆ ವರ್ಷಕ್ಕೆ ₹3.42 ಲಕ್ಷ. ಮೂರು ಗಾಡಿ ಇದ್ದರೂ ₹10.26 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ, ಬೇರೆ ಆದಾಯ ಇಲ್ಲದಿದ್ದರೆ ಕಟ್ಟಬೇಕಾದ್ದು ಸೊನ್ನೆ. ಸಾಲದ ಬಡ್ಡಿ, ಸವಕಳಿಯನ್ನು ಮತ್ತೆ ಕಳೆಯುವ ಹಾಗಿಲ್ಲ, ಅಷ್ಟೇ. ರಿಟರ್ನ್ ಹಾಕಿದರೆ ಮುಂದಿನ ಗಾಡಿಗೆ ಬ್ಯಾಂಕಿನಿಂದಲೇ ಸಾಲ ಕೇಳಬಹುದು, ಖಾಸಗಿ ಫೈನಾನ್ಸ್‌ನವರ ಬಾಗಿಲು ಕಾಯಬೇಕಿಲ್ಲ. ಜೆಸಿಬಿ ಸರಕು ಗಾಡಿಯಲ್ಲ, ಅದಕ್ಕೆ ಈ ದಾರಿ ಇಲ್ಲ. ವಹಿವಾಟಿನ ಶೇ. 8, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ. 6 ಲಾಭ ತೋರಿಸುವ ಇನ್ನೊಂದು ದಾರಿ ನೋಡಬೇಕು. ದೊಡ್ಡ ಕಂಪನಿಗಳು ಮಷಿನ್ ಬಾಡಿಗೆಯಲ್ಲಿ ಟಿಡಿಎಸ್, ಅಂದರೆ ಮುಂಗಡ ತೆರಿಗೆ ಕಡಿತ, ಹಿಡಿಯುತ್ತವೆ. ರಿಟರ್ನ್ ಹಾಕದಿದ್ದರೆ ಆ ದುಡ್ಡು ನಿಮ್ಮ ಕೈಗೆ ಬರುವುದೇ ಇಲ್ಲ.

ಮಷಿನ್ ಅನ್ನು ಟ್ರೇಲರ್ ಮೇಲೆ ಊರಿಗೆ ಒಯ್ಯುವಾಗ ಮಾರಾಟ ಇಲ್ಲದಿದ್ದರೂ ಡೆಲಿವರಿ ಚಲನ್, ಇ-ವೇ ಬಿಲ್ (ಸರಕು ಸಾಗಾಟಕ್ಕೆ ಜಿಎಸ್‌ಟಿಯ ಆನ್‌ಲೈನ್ ಪತ್ರ) ಮಾಡಿಸಿ. ಸಾಮಾನ್ಯ ಸರಕಿಗೆ ದಿನಕ್ಕೆ 200 ಕಿಲೋಮೀಟರ್ ಲೆಕ್ಕದಲ್ಲಿ ಅವಧಿ ಸಿಗುತ್ತದೆ, ಅಳತೆ ಮೀರಿದ ಸರಕಿಗೆ ದಿನಕ್ಕೆ 20 ಕಿಲೋಮೀಟರ್ ಲೆಕ್ಕ. ಇ-ವೇ ಬಿಲ್ ಮಾಡುವಾಗ ಅಳತೆ ಮೀರಿದ ಸರಕು ಎಂದು ಗುರುತಿಸಿದರೆ ದಾರಿಯಲ್ಲಿ ಟ್ರೇಲರ್ ಕೆಟ್ಟು ನಿಂತರೂ ಅವಧಿ ಮುಗಿಯುವ ಭಯವಿಲ್ಲ.

ಕೊನೆಗೆ ಬಂದ ಪ್ರಶ್ನೆ ಹಳೇ ಮಷಿನ್ ಬಗ್ಗೆ. ಸೊಲ್ಲಾಪುರದಿಂದಲೋ ಬೆಳಗಾವಿಯಿಂದಲೋ ಹಳೇ ಜೆಸಿಬಿ ತರುವವರು ಬಕೆಟ್, ಹೈಡ್ರಾಲಿಕ್ ಪಂಪ್ ಎಲ್ಲ ನೋಡುತ್ತಾರೆ. ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ತೆರಿಗೆ ಬಾಕಿ, ಚಲನ್ ಬಾಕಿ, ಸಾಲದ ನಮೂದು ನೋಡುವುದಿಲ್ಲ. ಫೈನಾನ್ಸ್ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಫಾರ್ಮ್ 35 ಬೇಕು. ಬೇರೆ ರಾಜ್ಯದ್ದಾದರೆ ಫಾರ್ಮ್ 28ರ ಎನ್‌ಒಸಿ. ವರ್ಗಾವಣೆಗೆ ಫಾರ್ಮ್ 29, 30. ಮಾರುವವರೂ ಎಚ್ಚರವಾಗಿರಿ: ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಮಾಲೀಕ ನೀವೇ, ಅಪಘಾತದ ಹೊಣೆಯೂ ನಿಮ್ಮದೇ ಎಂದು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆದುಕೊಂಡು ಕೀಲಿ ಕೊಟ್ಟು ಬರುವುದು ಬೇಡ. ಕೊಳ್ಳುವವರು ಮಾತಾಡಿದ ಬೆಲೆಯಲ್ಲಿ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳಿ. ಹೊಸ ಆರ್‌ಸಿ ನಿಮ್ಮ ಹೆಸರಿನಲ್ಲಿ ಬಂದ ದಿನ ಅದನ್ನು ಕೊಡಿ.